ಎರಡು ಪರ್ಸೆಂಟಿನ ಆಸಾಮಿ

ಶನಿವಾರ ಮಧ್ಯಾಹ್ನ ಮೂರೂವರೆ ಗಂಟೆ ಎನ್ನುವುದು ನಮ್ಮ ತುಮಕೂರು ಸೀಮೆಯಲ್ಲಿ ಯಾವ ಘನಕಾರ್ಯಕ್ಕೂ ಇಟ್ಟ ಹೊತ್ತಲ್ಲ. ಮುದ್ದೆ ಉಂಡವರು ಮಗ್ಗುಲಾಗಿರುತ್ತಾರೆ. ಮಂಡಿಪೇಟೆಯ ಸಾಹುಕಾರರು ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ ಅರೆಗಣ್ಣಾಗಿರುತ್ತಾರೆ. ಅಂಥ ಹೊತ್ತಿನಲ್ಲಿ ನಾನೊಬ್ಬ ಮೊಬೈಲು ಹಿಡಿದು ಪಡಸಾಲೆಯಲ್ಲಿ ಶತಪಥ ಹಾಕುವುದನ್ನು ಕಂಡು ಮನೆಯವಳು ಮೊದಮೊದಲು ಬಿ.ಪಿ. ಮಾತ್ರೆಯ ಡಬ್ಬಿಯ ಕಡೆ ನೋಡುತ್ತಿದ್ದಳು. ಈಗ "ಟೀಮ್ ಹಾಕೋ ಹೊತ್ತಾ?" ಎಂದಷ್ಟೇ ಕೇಳಿ ಒಳಗೆ ಹೋಗುತ್ತಾಳೆ.

ಆಟ ಇಂಗ್ಲೆಂಡಿನದು, ಪ್ರೀಮಿಯರ್ ಲೀಗ್ ಫುಟ್‌ಬಾಲ್. ಓಡಿ ಬೆವರು ಸುರಿಸುವವರು ಅವರು. ಬಿ.ಎಚ್. ರಸ್ತೆಯ ಪಕ್ಕದ ಮನೆಯಲ್ಲಿ ಕೂತು ಅವರನ್ನು ಕೊಂಡು ಮಾರುವವರು ನಾವು. ಇದರ ಹೆಸರು ಫ್ಯಾಂಟಸಿ ಪ್ರೀಮಿಯರ್ ಲೀಗ್, ಹುಡುಗರ ಬಾಯಲ್ಲಿ ಎಫ್‌ಪಿಎಲ್. ಸೀಸನ್ ಶುರುವಿಗೆ ಪ್ರತಿಯೊಬ್ಬನ ಕೈಗೂ 10 ಕೋಟಿ ಪೌಂಡ್ ಕೊಡುತ್ತಾರೆ, ಎಲ್ಲಾ ಸುಳ್ಳು ದುಡ್ಡು. ಅದರಲ್ಲಿ 15 ಜನರನ್ನು ಕೊಳ್ಳಬೇಕು: ಇಬ್ಬರು ಗೋಲ್‌ಕೀಪರು, ಐವರು ಡಿಫೆಂಡರು, ಐವರು ಮಿಡ್‌ಫೀಲ್ಡರು, ಮೂವರು ಫಾರ್ವರ್ಡು. ಒಂದೇ ಕ್ಲಬ್ಬಿನವರು ಮೂವರಿಗಿಂತ ಹೆಚ್ಚು ಕೂಡದು. ವಾರವಾರ 11 ಮಂದಿಯನ್ನು ಇಳಿಸಿ ಒಬ್ಬನಿಗೆ ಕ್ಯಾಪ್ಟನ್ ಪಟ್ಟ ಕಟ್ಟಿದರೆ ಅವನ ಪಾಯಿಂಟು ಎರಡರಷ್ಟು. ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಬಾಗಿಲು ಹಾಕುತ್ತಾರೆ. ಅಲ್ಲಿ ಶನಿವಾರ ಹನ್ನೆರಡೂವರೆಗೆ ಆಟವೆಂದರೆ ನಮಗೆ ಸಂಜೆ ಐದು. ಹಾಗಾಗಿ ಈ ಮೂರೂವರೆಯ ಸಂಕಟ. ಅಕ್ಟೋಬರ್ ಕೊನೆಗೆ ಅವರು ತಮ್ಮ ಗಡಿಯಾರ ಹಿಂದಕ್ಕೆ ತಿರುಗಿಸಿಕೊಂಡ ಮೇಲೆ ಅದು ನಾಲ್ಕೂವರೆಯಾಗಿ ಕಾಫಿಯ ಹೊತ್ತಿಗೆ ಸರಿಹೋಗುತ್ತದೆ.

ನನ್ನನ್ನು ಈ ಹುಚ್ಚಿಗೆ ಹಚ್ಚಿದವನು ಅಕ್ಕನ ಮಗ. ಕುಣಿಗಲ್ಲಿನವನು, ಎಂಜಿನಿಯರಿಂಗ್ ಓದಲು ನಮ್ಮ ಮನೆಯಲ್ಲಿದ್ದಾನೆ. ಅವನು, ಅವನ ಗೆಳೆಯರು, ನಾನು, ನನ್ನ ಬ್ಯಾಂಕಿನ ಇಬ್ಬರು, ಲೆಕ್ಕ ತುಂಬಲಿ ಎಂದು ಸೇರಿಸಿಕೊಂಡ ಕುಣಿಗಲ್ ಭಾವ, ಇಷ್ಟು ಜನರದೊಂದು ಪುಟ್ಟ ಲೀಗು. ಮೇ ತಿಂಗಳಲ್ಲಿ ಕೊನೆಗೆ ಉಳಿದವನು ಎಲ್ಲರಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು. ಇದಕ್ಕಿಂತ ದೊಡ್ಡ ಪಣ ನಮ್ಮಲ್ಲಿಲ್ಲ.

ಪ್ರತಿ ಆಟಗಾರನ ಹೆಸರಿನ ಪಕ್ಕ ಬೆಲೆ ಇರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ: ಇವನನ್ನು ನೂರಕ್ಕೆ ಎಷ್ಟು ಜನ ಇಟ್ಟುಕೊಂಡಿದ್ದಾರೆ ಎಂಬುದು. ಜಗತ್ತಿನಾದ್ಯಂತ ಒಂದು ಕೋಟಿಗೂ ಮಿಕ್ಕಿದ ಜನ ಆಡುವ ಆಟದಲ್ಲಿ ಹಾಲಾಂಡ್, ಸಲಾ ಮುಂತಾದ ಮಹಾನುಭಾವರ ಪಕ್ಕದ ಅಂಕಿ ಒಳ್ಳೆಯ ಕಾಲದಲ್ಲಿ ಐವತ್ತನ್ನು ದಾಟುತ್ತದೆ. ಅವರನ್ನು ಕೊಳ್ಳಲು ಬುದ್ಧಿ ಬೇಡ, ದುಡ್ಡಿದ್ದರೆ ಸಾಕು. ನನ್ನ ಕಣ್ಣು ಹೋಗುವುದು ಪಟ್ಟಿಯ ತಳಕ್ಕೆ, ಎರಡು ಪರ್ಸೆಂಟಿನ ಆಸಾಮಿಗಳ ಕಡೆಗೆ. ಹುಡುಗರು ಇಂಥವನಿಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಗಣಿತದ ಮೇಷ್ಟ್ರ ಪೆಟ್ಟು ತಿಂದ ನನಗೆ ಆ ಪದ ಬಾಯಿಗೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಅವನು ಆಸಾಮಿಯೇ.

ಆಸಾಮಿಯ ಅರ್ಥಶಾಸ್ತ್ರ ಸರಳವಾಗಿದೆ. ಹಾಲಾಂಡ್ ಮೂರು ಗೋಲು ಹೊಡೆದ, ನಮ್ಮ ಲೀಗಿನ ಎಲ್ಲರ ಬಳಿಯೂ ಅವನಿದ್ದ ಎಂದರೆ ಎಲ್ಲರೂ ಒಟ್ಟಿಗೆ ಮೇಲೇರಿದೆವು, ಯಾರೂ ಯಾರನ್ನೂ ದಾಟಲಿಲ್ಲ. ಅದೇ ದಿನ ಯಾರೂ ಮೂಸಿ ನೋಡದ ಒಬ್ಬ ಬ್ಯಾಕು ಒಂದು ಗೋಲು ಹೊಡೆದು, ತಂಡ ಗೋಲು ಬಿಡದೆ ಉಳಿದರೆ ಅವನನ್ನಿಟ್ಟುಕೊಂಡವನೊಬ್ಬನೇ ಮೇಲೆ ಹೋದ. ಆದ್ದರಿಂದ ಪಟ್ಟಿಯ ನೆತ್ತಿಯಲ್ಲಿರುವವನಿಗೆ ಆಸಾಮಿ ಬೇಡವೇ ಬೇಡ. ಉಳಿದವರ ಬಳಿ ಇರುವವರನ್ನೇ ತಾನೂ ಇಟ್ಟುಕೊಂಡು ಕಾಲ ತಳ್ಳಿದರೆ ಅವನು ಗೆದ್ದಂತೆ. ಹಿಂದೆ ಬಿದ್ದವನಿಗೇ ಆಸಾಮಿಯ ಹಂಗು. ಅಕ್ಕನ ಮಗ ಮುಂದಿದ್ದಾಗ ನನ್ನ ತಂಡವನ್ನು ಕದ್ದು ನೋಡಿ ಹಾಗೇ ನಕಲು ಮಾಡುತ್ತಾನೆ. ಕೇಳಿದರೆ, "ಮಾವ, ಇದು ಸ್ಟ್ರಾಟಜಿ" ಎನ್ನುತ್ತಾನೆ. ನಮ್ಮ ಕಾಲದಲ್ಲಿ ಪರೀಕ್ಷೆಯ ಕೊಠಡಿಯಲ್ಲಿ ಇದಕ್ಕೆ ಬೇರೆ ಹೆಸರಿತ್ತು.

ಒಬ್ಬ ಒಳ್ಳೆಯ ಆಟಗಾರ ಜನರ ಕಣ್ಣಿಗೆ ಬೀಳದೆ ಹೇಗೆ ಉಳಿಯುತ್ತಾನೆ ಎಂಬ ಪ್ರಶ್ನೆಯ ಹಿಂದೆ ನಾನು ತುಂಬ ರಾತ್ರಿಗಳನ್ನು ಹಾಳುಮಾಡಿಕೊಂಡಿದ್ದೇನೆ. ನನಗೆ ಅತ್ಯಂತ ಪ್ರಿಯವಾದ ಕೇಸು ಜಾನ್ ಲಂಡ್‌ಸ್ಟ್ರಮ್‌ನದು. 2019-20ರಲ್ಲಿ ಶೆಫೀಲ್ಡ್ ಯುನೈಟೆಡ್ ಎಂಬ ತಂಡ ಕೆಳಗಿನ ದರ್ಜೆಯಿಂದ ಆಗಷ್ಟೇ ಮೇಲೆ ಬಂದಿತ್ತು. ಎಫ್‌ಪಿಎಲ್ ನಡೆಸುವವರು ಇವನನ್ನು ಡಿಫೆಂಡರ್ ಎಂದು ಬರೆದುಕೊಂಡು 40 ಲಕ್ಷ ಪೌಂಡಿನ ಕನಿಷ್ಠ ಬೆಲೆ ಹಚ್ಚಿದರು. ಆಸಾಮಿ ಮೈದಾನಕ್ಕಿಳಿದದ್ದು ಮಿಡ್‌ಫೀಲ್ಡಿಗೆ! ಡಿಫೆಂಡರ್ ಗೋಲು ಹೊಡೆದರೆ ಆರು ಪಾಯಿಂಟು, ತಂಡ ಗೋಲು ಬಿಡದಿದ್ದರೆ ನಾಲ್ಕು. ಮಿಡ್‌ಫೀಲ್ಡರ್ ಆದರೆ ಅದೇ ಕೆಲಸಕ್ಕೆ ಐದು ಮತ್ತು ಒಂದು. ದಾಖಲೆಯಲ್ಲಿ ಕಾವಲುಗಾರ, ಕೆಲಸದಲ್ಲಿ ಲೂಟಿಗಾರ. ಆ ನವೆಂಬರಿನಲ್ಲಿ ಬರ್ನ್ಲಿಯ ಎದುರು ಅವನು ಎರಡು ಗೋಲು ಹೊಡೆದ, ತಂಡ 3-0 ಗೆದ್ದಿತು. ಪಹಣಿಯಲ್ಲಿ ಖುಷ್ಕಿ ಎಂದು ಬರೆದ ಜಮೀನಿನಲ್ಲಿ ತೋಟ ಎಬ್ಬಿಸಿದಂತೆ. ಬೆಲೆ ಹಚ್ಚುವವರು ಪಹಣಿ ನೋಡಿದರು, ಜಾಣರು ಹೊಲಕ್ಕೆ ಹೋಗಿ ನೋಡಿದರು.

ಇನ್ನು ಕೆಲವರು ದೊಡ್ಡ ಮನೆಯ ಬೆಂಚಿನಲ್ಲಿ ಕೂತು ಮರೆಯಾದವರು. ಕೋಲ್ ಪಾಮರ್ ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವಕಾಶಕ್ಕೆ ಕಾಯುತ್ತಿದ್ದ ಹುಡುಗ. 2023ರ ಸೆಪ್ಟೆಂಬರ್ 1ರಂದು ಚೆಲ್ಸಿಗೆ ಹೋದ. ಎಫ್‌ಪಿಎಲ್‌ನಲ್ಲಿ ಬೆಲೆ 50 ಲಕ್ಷ. ಸೀಸನ್ ಮುಗಿದಾಗ 22 ಗೋಲು, 244 ಪಾಯಿಂಟು. ಆ ವರ್ಷ ಇಡೀ ಆಟದಲ್ಲಿ ಅವನನ್ನು ಮೀರಿಸಿದವರೇ ಇಲ್ಲ. ಇನ್ನು ವಯಸ್ಸಿನ ನೆಪದಲ್ಲಿ ತಳ್ಳಿಸಿಕೊಂಡವರೂ ಇದ್ದಾರೆ. ನ್ಯೂಜಿಲೆಂಡಿನ ಕ್ರಿಸ್ ವುಡ್ 2024-25ರಲ್ಲಿ ಮೂವತ್ಮೂರು ತುಂಬಿಸಿಕೊಂಡು, ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ 20 ಗೋಲು ಹೊಡೆದ. ನಿವೃತ್ತಿಗೆ ಹತ್ತಿರವಾದ ಬ್ಯಾಂಕ್ ನೌಕರನೊಬ್ಬನಿಗೆ ಇದು ಎಂಥ ಟಾನಿಕ್ ಎಂದು ಬೇರೆ ಹೇಳಬೇಕಾಗಿಲ್ಲ. ಅಕ್ಕನ ಮಗ "ಮುದುಕ, ಮಾವ ಅವನು" ಎಂದಾಗ ನಾನು ಕ್ರಿಸ್ ವುಡ್‌ನ ಪರವಾಗಿ ಮಾತ್ರ ವಾದ ಮಾಡಲಿಲ್ಲ.

2025-26ರಿಂದ ನಿಯಮಕ್ಕೊಂದು ಬಾಲ ಸೇರಿಸಿದ್ದಾರೆ. ಒಂದು ಪಂದ್ಯದಲ್ಲಿ ಚೆಂಡನ್ನು ಆಚೆ ಒದೆಯುವುದು, ಅಡ್ಡ ನಿಲ್ಲುವುದು, ನಡುವೆ ಕಸಿಯುವುದು, ಕಾಲಿಟ್ಟು ಕಿತ್ತುಕೊಳ್ಳುವುದು ಎಲ್ಲ ಸೇರಿ ಹತ್ತಾದರೆ ಡಿಫೆಂಡರಿಗೆ ಎರಡು ಪಾಯಿಂಟು. ಅಂದರೆ ಸೋಲುವ ತಂಡದ ಹಿಂದಿನ ಸಾಲಿನಲ್ಲಿ ತೊಂಬತ್ತು ನಿಮಿಷ ತಲೆಯಲ್ಲಿ, ಕಾಲಲ್ಲಿ, ಎದೆಯಲ್ಲಿ ಚೆಂಡು ತಡೆದು ಸುಸ್ತಾಗುವವನಿಗೂ ಕಡೆಗೆ ಕೂಲಿ ಗಿಟ್ಟಿತು. ಈ ತಿದ್ದುಪಡಿ ಮಾಡಿದವರು ಪುಣ್ಯವಂತರು. ಯಾವ ಸಂಸ್ಥೆಯ ಪ್ರಮೋಷನ್ ಪಾಲಿಸಿಯಲ್ಲೂ ನಾನು ಇಂಥ ಕಲಮು ಕಂಡಿಲ್ಲ.

ಗುಬ್ಬಿ ನನ್ನ ಹುಟ್ಟೂರು. ಈಚೆಗೆ ಅಲ್ಲಿ ನೆಂಟರ ಮನೆಯ ಗೃಹಪ್ರವೇಶ, ಶನಿವಾರವೇ ಬಂತು. ಮೂರನೇ ಪಂಕ್ತಿಗೆ ಕೂತಾಗ ಮೂರೂ ಕಾಲು. ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದವು. ಒಬ್ಬಟ್ಟಿನ ಮೇಲೆ ತುಪ್ಪ ಹರಿಯಿತು. ಎಡಗೈಯಲ್ಲಿ ಎಲೆಯ ಪಕ್ಕ ಮೊಬೈಲಿಟ್ಟುಕೊಂಡು ಕ್ಯಾಪ್ಟನ್ ಬದಲಿಸಬೇಕು. ಎಡಗೈ ಹೆಬ್ಬೆರಳಿಗೆ ಅಭ್ಯಾಸವಿಲ್ಲ, ಪರದೆಯ ಮೇಲೆ ಹೆಸರುಗಳು ಜಾರುತ್ತವೆ. ಬಡಿಸುವವರು ಸಾರಿನ ಬಕೆಟ್ಟು ಹಿಡಿದು ನಿಂತೇ ಇದ್ದಾರೆ. "ಸ್ವಾಮಿ, ಸಾರು ಬೇಕೋ ಬೇಡವೋ?" ಎದುರು ಸಾಲಿನಿಂದ ಅಕ್ಕನ ಮಗ ಕೂಗಿದ: "ಮಾವ, ಆ ಬ್ಯಾಕು ಇವತ್ತು ಆಡೋದು ಡೌಟಂತೆ!" ಆಡುತ್ತಾನೋ ಇಲ್ಲವೋ ಎಂಬ ಅಧಿಕೃತ ಪಟ್ಟಿ ಬರುವುದು ಬಾಗಿಲು ಹಾಕಿದ ಮೇಲೆ. ಅಲ್ಲಿಯವರೆಗೆ ಬರೀ ಅಂತೆಕಂತೆ. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ "ಯಾರಪ್ಪಾ ಅದು, ನಿಮ್ಮ ಬ್ರಾಂಚಿನೋರಾ? ಹುಷಾರಿಲ್ವಾ?" ಎಂದು ಕನಿಕರದಿಂದ ಕೇಳಿದರು. ಮಂಡಿನೋವು ಎಂದೆ. ಎಣ್ಣೆ ನೀವಲು ಹೇಳಿದರು.

ದೊಡ್ಡಪ್ಪನಿಗೆ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡರೆ ಕಂಪನಿ ನಾಟಕ ನೆನಪಾಗುತ್ತದೆ. ಗುಬ್ಬಿಯಲ್ಲಿ ಕಂಪನಿ ಎಂದರೆ 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣ 1917ರಲ್ಲಿ ಯಜಮಾನರಾದರು. ಯಜಮಾನರೆಂದ ಮೇಲೆ ರಾಜನ ಪಾತ್ರ ಕಟ್ಟಿಕೊಂಡು ಕಿರೀಟ ಹೊತ್ತುಕೊಂಡಿರಬಹುದಾಗಿತ್ತು. ಜನ ಅವರನ್ನು ಕೊಂಡಾಡಿದ್ದು 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ನಾಯಕನಿದ್ದಾನೆ, ನಾಯಕಿಯಿದ್ದಾಳೆ, ನಾಟಕಕ್ಕೆ ಹೆಸರೂ ನಾಯಕಿಯದೇ. ಟಿಕೆಟ್ಟು ಕೊಂಡವರು ಕಾಯುತ್ತಿದ್ದದ್ದು ಮಾತ್ರ ಕಳ್ಳನಿಗೆ. ಕಂಪನಿಯ ಲೆಕ್ಕದಲ್ಲಿ 40 ಲಕ್ಷ ಪೌಂಡಿನ ಆ ಪಾತ್ರವನ್ನು ಯಜಮಾನರು ತಮಗೇ ಇಟ್ಟುಕೊಂಡರಲ್ಲ, ಅವರ ಕಣ್ಣು ಅಂಥದು.

ಬೇರೆಯವರ ಮೇಲೂ ಅದೇ ಕಣ್ಣು. ವೀರಣ್ಣನವರು ಎವಿಎಂ ಜೊತೆ ಸೇರಿ 1954ರಲ್ಲಿ 'ಬೇಡರ ಕಣ್ಣಪ್ಪ' ತೆಗೆದಾಗ ನಾಯಕನಾದದ್ದು ಅವರದೇ ಕಂಪನಿಯ ಮುತ್ತುರಾಜ. ಅದಕ್ಕೆ ಎರಡು ವರ್ಷ ಮೊದಲು 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬನಾಗಿ ಗಡ್ಡದ ಹಿಂದೆ ನಿಂತಿದ್ದ ಹುಡುಗ. ಏಳು ಜನ ಋಷಿಗಳ ಸಾಲಿನಲ್ಲಿ ಯಾರು ಯಾರನ್ನು ನೋಡುತ್ತಾರೆ? ಆ 'ಕಣ್ಣಪ್ಪ'ನಿಂದಲೇ ಅವನು ರಾಜಕುಮಾರ್ ಆದ. ಅದೇ ಚಿತ್ರದಲ್ಲಿ ನಮ್ಮ ತಿಪಟೂರಿನ ಸಣಕಲು ನರಸಿಂಹರಾಜು ಕೂಡ ಬೆಳಕಿಗೆ ಬಂದರು. ಆಮೇಲೆ ಅವರಿಲ್ಲದ ಕನ್ನಡ ಚಿತ್ರ ಹುಡುಕಬೇಕಾದ ಕಾಲವೂ ಬಂತು. ಒಂದೇ ವಾರದಲ್ಲಿ ಇಬ್ಬಿಬ್ಬರು ಆಸಾಮಿಗಳು ಫಲಿಸುವ ಇಂಥ ಯೋಗ ಎಫ್‌ಪಿಎಲ್‌ನಲ್ಲಿ ನನಗೆ ಇದುವರೆಗೆ ಕೂಡಿ ಬಂದಿಲ್ಲ.

ಆದರೆ ಬೆಲೆಗೂ ಯೋಗ್ಯತೆಗೂ ನಡುವಿನ ಅಂತರದಲ್ಲಿ ಬದುಕುವ ವಿದ್ಯೆಯನ್ನು ನಿಜವಾಗಿ ಬಲ್ಲವರು ಕುಣಿಗಲ್ಲಿನ ಕಡೆ ಇದ್ದಾರೆ. ಅಲ್ಲಿಯ ಸ್ಟಡ್ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಲು ಶುರುವಾದದ್ದು. ಆಮೇಲೆ ಕೈಯಿಂದ ಕೈಗೆ ದಾಟಿ, 1992ರಲ್ಲಿ ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆ ಹೋಯಿತು. ರೇಸಿನ ಕುದುರೆಗಳು ಹುಟ್ಟಿ ಬೆಳೆಯುವ ಜಾಗ. ಅಲ್ಲಿ ಲಾಯದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಭಾವನ ಅಂಗಡಿಗೆ ಹರಟೆಗೆ ಬರುತ್ತಾರೆ. ಮರಿಯಲ್ಲೇ ಗೆಲ್ಲುವ ಕುದುರೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. "ಮರೀಲಿ ಎಲ್ಲಾ ಚೆಂದಾನೇ ಸಾರ್. ತಾಯಿ ಬಿಟ್ಟ ಮೇಲೆ ನಡಿಗೆ ನೋಡ್ಬೇಕು. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತಾ ನೋಡ್ಬೇಕು. ಆಮೇಲೂ ದೇವ್ರಿಗೇ ಗೊತ್ತು" ಎಂದರು. ಆಮೇಲೆ ಹ್ಯಾಂಡಿಕ್ಯಾಪಿನ ಗುಟ್ಟು ಹೇಳಿದರು. ಗೆಲ್ಲುವ ಕುದುರೆಯ ಬೆನ್ನಿಗೆ ಮುಂದಿನ ರೇಸಿನಲ್ಲಿ ಭಾರ ಹೆಚ್ಚು ಹೇರುತ್ತಾರೆ, ಸೋಲುವುದಕ್ಕೆ ಇಳಿಸುತ್ತಾರೆ. ಎಲ್ಲವೂ ಒಟ್ಟಿಗೆ ಗೆರೆ ಮುಟ್ಟಬೇಕೆಂಬುದು ಭಾರ ಹಾಕುವವನ ಆಸೆ. ಅವನ ಲೆಕ್ಕ ಎಲ್ಲಿ ತಪ್ಪಿದೆ, ಯಾವ ಕುದುರೆ ತನ್ನ ತಾಕತ್ತಿಗಿಂತ ಹಗುರಾಗಿ ಓಡುತ್ತಿದೆ ಎಂದು ಹುಡುಕುವುದು ರೇಸಿಗೆ ಹೋಗುವವನ ಕಸುಬು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣೆದುರು ಲಂಡ್‌ಸ್ಟ್ರಮ್ ಹಗುರಾಗಿ ಓಡಿಹೋದ.

ಸುಪ್ರೀಂ ಕೋರ್ಟು 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಕುದುರೆ ರೇಸು ಬರೀ ಅದೃಷ್ಟದ ಆಟವಲ್ಲ, ಚಾತುರ್ಯದ್ದು ಎಂದು ತೀರ್ಪು ಕೊಟ್ಟದ್ದು ಈ ಹುಡುಕಾಟವನ್ನು ಕಂಡೇ: ತಳಿ, ಭಾರ, ಹಿಂದಿನ ಓಟ, ಜಾಕಿ, ಎಲ್ಲ ತೂಗಿ ನೋಡಬೇಕಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ತಂಡ ಕಟ್ಟಿಸುವ ಕಂಪನಿಗಳೂ ಮುಂದೆ ಇದೇ ಚಾತುರ್ಯದ ಕೊಡೆಯಡಿ ನಿಂತವು. ಐಪಿಎಲ್ ಕಾಲದಲ್ಲಿ ನಮ್ಮ ಕ್ಷೌರದಂಗಡಿಯಲ್ಲಿ ಟಾಸ್ ಆದ ಅರ್ಧ ಗಂಟೆ ಕತ್ತರಿ ನಿಂತೇ ಹೋಗುತ್ತಿತ್ತು, "ಸಿ ಯಾರು, ವಿಸಿ ಯಾರು?" ಎಂಬುದೊಂದೇ ಮಾತು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಸಲಹೆ ಕೊಡುತ್ತಿದ್ದ. ರಾಜ್ಯ ಸರ್ಕಾರ 2021ರಲ್ಲಿ ಇದರ ವಿರುದ್ಧ ಕಾನೂನು ತಂದಾಗ ಅಂಥ ಕಂಪನಿಗಳಲ್ಲೊಂದಾದ ಡ್ರೀಮ್ 11 ಕರ್ನಾಟಕದಲ್ಲಿ ಅಂಗಡಿ ಮುಚ್ಚಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಾನೂನಿನ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನಿನಲ್ಲಿ ಕಾಸು ಕಟ್ಟಿಸಿ ಆಡಿಸುವುದನ್ನೇ ನಿಷೇಧಿಸಿತು. ಚಾತುರ್ಯವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಅದು ಇಟ್ಟುಕೊಳ್ಳಲಿಲ್ಲ. ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಚಿಕ್ಕ ಹುಡುಗರ ಪಾಸ್‌ಬುಕ್ಕಿನಲ್ಲಿ ಆಟಕ್ಕೆ ಕಟ್ಟಿದ 49 ರೂಪಾಯಿಗಳು ಸಾಲುಗಟ್ಟಿ ಹೋಗುವುದು ಕಾಣುತ್ತಿತ್ತು. ಕಾಸು ಹೋದ ಮೇಲೆ ಕ್ಷೌರದಂಗಡಿಯಲ್ಲಿ ತಂಡ ಕಟ್ಟುವವರೂ ಇಲ್ಲ. ಅವರು ಆಸಾಮಿಯನ್ನು ಹುಡುಕುತ್ತಿದ್ದದ್ದು ಆಟಕ್ಕಲ್ಲ ಎಂದಾಯಿತು. ಸುಳ್ಳು ದುಡ್ಡಿನ ನಮ್ಮಾಟಕ್ಕೆ ಯಾವ ತೊಂದರೆಯೂ ಬರಲಿಲ್ಲ. ತಟ್ಟೆ ಇಡ್ಲಿಯ ಪಣವನ್ನು ಪಾರ್ಲಿಮೆಂಟು ಗಮನಿಸಿರಲಾರದು.

ಹಾಗಾದರೆ ಕಾಸಿಲ್ಲದ ನಾವು ಯಾತಕ್ಕೆ ಹುಡುಕುತ್ತೇವೆ? ಮೂಲೆಗೆ ಬಿದ್ದವನ ಮೇಲಿನ ಕರುಣೆ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಬ್ಯಾಂಕಿನ ಗೆಳೆಯರು ನಂಬಿದರು. ಮನೆಯವಳು ನಂಬಲಿಲ್ಲ. ಅವಳು ಕಂಡದ್ದು ಇಷ್ಟು: ನನ್ನ ಎರಡು ಪರ್ಸೆಂಟಿನವನು ಗೋಲು ಹೊಡೆದ ರಾತ್ರಿ ಪಡಸಾಲೆಯಲ್ಲಿ ಕುಣಿದವನು, ಅವನು ಇಪ್ಪತ್ತು ಪರ್ಸೆಂಟಿನವನಾಗುತ್ತಲೇ ಮುಖ ಸಿಂಡರಿಸಿ ಮಾರಿಬಿಡುತ್ತೇನೆ. ಎಲ್ಲರೂ ಮುಗಿಬಿದ್ದು ಕೊಂಡರೆ ಅವನ ಬೆಲೆ ಏರುತ್ತದೆ. ಮಾರಿದರೆ ಏರಿದ್ದರಲ್ಲಿ ಅರ್ಧ ಕೈಗೆ ಬರುತ್ತದೆ. ಆ ಲಾಭಕ್ಕಾಗಿ ಮಾರುತ್ತೇನೆಂದರೆ ಅದೂ ಪೂರ್ತಿ ನಿಜವಲ್ಲ. ಅವನು ಎಲ್ಲರವನಾದ ಎಂಬುದೇ ಹೊಟ್ಟೆಯುರಿ. ನನಗೆ ಬೇಕಾದದ್ದು ಅವನಲ್ಲ, "ನಾನು ಆವತ್ತೇ ಹೇಳಿರಲಿಲ್ವಾ?" ಎಂಬ ಮಾತು. ಮೊದಲು ನೋಡಿದವನು ನಾನು ಎಂಬುದಕ್ಕೆ ಅವನು ಸಾಕ್ಷಿ, ಸಾಕ್ಷಿ ಹೇಳಿ ಆದ ಮೇಲೆ ಕಟಕಟೆಯಿಂದ ಇಳಿಯಬಹುದು.

ಇಷ್ಟು ಹೇಳಿಯೂ ನನ್ನ ಪಕ್ಷದಲ್ಲಿ ಒಂದು ಮಾತಿದೆ. ಈ ಅಹಂಕಾರ ಇಲ್ಲದಿದ್ದರೆ ನಾನು ಫುಟ್‌ಬಾಲನ್ನು ನೋಡುವುದೇ ಇಲ್ಲ, ಗೋಲುಗಳನ್ನಷ್ಟೇ ನೋಡುತ್ತೇನೆ. ರಾತ್ರಿ ಒಂದೂವರೆಗೆ, ತುಮಕೂರೆಲ್ಲ ಮಲಗಿದ ಮೇಲೆ, ಪಟ್ಟಿಯ ಕೊನೆಯ ಎರಡು ತಂಡಗಳು ಮಳೆಯಲ್ಲಿ ಆಡುತ್ತಿರುವಾಗ ಚೆಂಡಿನ ಕಡೆ ನೋಡದೆ ಎಡ ಅಂಚಿನ ಒಬ್ಬ ಬ್ಯಾಕನ್ನೇ ನೋಡುತ್ತಾ ಕೂರುವವರು ಯಾರು? ಚೆಂಡು ಇಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ, ಪಕ್ಕದವನಿಗೆ ಕೈಸನ್ನೆಯಲ್ಲಿ ಏನು ಹೇಳುತ್ತಾನೆ, ಎಷ್ಟನೇ ನಿಮಿಷಕ್ಕೆ ಸೊಂಟದ ಮೇಲೆ ಕೈಯಿಡುತ್ತಾನೆ, ಕಾರ್ನರ್ ಸಿಕ್ಕರೆ ಮುಂದೆ ಹೋಗುವ ಧೈರ್ಯ ಉಂಟೋ ಇಲ್ಲವೋ, ಇದನ್ನೆಲ್ಲ ಅವನ ಹೆಂಡತಿಯ ನಂತರ ನೋಡಿದವನು ನಾನೇ ಇರಬೇಕು.

ಇಂಥ ಕಣ್ಣು ಸ್ವಲ್ಪ ನಮ್ಮ ಕಡೆಗೂ ತಿರುಗಬಾರದೇ ಎಂದು ಬ್ಯಾಂಕಿನ ಗೆಳೆಯರೊಬ್ಬರು ಚುಚ್ಚುವುದುಂಟು. ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹೊಡೆದ ಮೊದಲ ಗೋಲು ಬೆಂಗಳೂರಿನವನದು: 1948ರ ಜುಲೈ 31, ಲಂಡನ್, ಎದುರು ಫ್ರಾನ್ಸ್. ಗೋಲು ಹೊಡೆದವರು ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಸಿಕ್ಕ ಎರಡು ಪೆನಾಲ್ಟಿ ಕಳೆದುಕೊಂಡು 1-2ರಲ್ಲಿ ಸೋತರು. ಲಂಡ್‌ಸ್ಟ್ರಮ್‌ನ ಬೆಲೆಯನ್ನು ನಿದ್ದೆಯಲ್ಲೂ ಹೇಳುವ ನಮ್ಮ ಲೀಗಿನ ಒಬ್ಬನಿಗೂ ರಾಮನ್ ಹೆಸರು ಗೊತ್ತಿರಲಿಲ್ಲ. ಅಕ್ಕನ ಮಗ ಹೆಸರು ಕೇಳಿ, ಕ್ಷಣ ಯೋಚಿಸಿ, "ಎಷ್ಟು ಪರ್ಸೆಂಟ್ ಓನರ್‌ಶಿಪ್ಪು ಮಾವ?" ಎಂದ.

ಆ ತಮಾಷೆ ಮಾಡಿದ ಸಂಜೆಯೇ ಅವನು ಲೀಗಿನ ಪಟ್ಟಿ ತೆರೆದು ಹುಬ್ಬು ಗಂಟಿಕ್ಕಿದ. ನಾವಿಬ್ಬರೂ ಪಟ್ಟಿಯಲ್ಲಿ ನೋಡುವುದು ನಮ್ಮನಮ್ಮ ಹೆಸರನ್ನು, ನಮಗೆ ಒಂದು ಮೇಲೆ, ಒಂದು ಕೆಳಗೆ. ಇಬ್ಬರ ನಡುವೆ ಯಾರೋ ಬಂದು ಕೂತಿದ್ದರು. "ಮಾವ, ಇದು ಅಪ್ಪನ ಟೀಮು!" ಆಗಸ್ಟಿನಲ್ಲಿ ಲೆಕ್ಕ ತುಂಬಲೆಂದು ಅಪ್ಪನ ಫೋನಿನಲ್ಲಿ ಅವನೇ ಆಟೋ ಪಿಕ್ ಒತ್ತಿ ಹದಿನೈದು ಜನರನ್ನು ತುಂಬಿಸಿ ಮರೆತಿದ್ದ. ಅಲ್ಲಿಂದೀಚೆಗೆ ಒಬ್ಬನನ್ನೂ ಕೊಂಡಿಲ್ಲ, ಒಬ್ಬನನ್ನೂ ಮಾರಿಲ್ಲ, ಕ್ಯಾಪ್ಟನ್ನನ್ನೂ ಬದಲಿಸಿಲ್ಲ. ನಾನು ಹೆಚ್ಚುವರಿ ಬದಲಾವಣೆಗೆ ತಲಾ ನಾಲ್ಕು ಪಾಯಿಂಟಿನಂತೆ ದಂಡ ಕಟ್ಟಿಕೊಂಡು ಆಸಾಮಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಕಾಲದಲ್ಲೆಲ್ಲ ಆ ತಂಡ ಯಾರ ಕಣ್ಣಿಗೂ ಬೀಳದೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದಿತ್ತು. ಭಾವನಿಗೆ ಫೋನ್ ಹಚ್ಚಿದೆ. ರಸಗೊಬ್ಬರದ ಅಂಗಡಿಯಲ್ಲಿದ್ದರು, ಹಿಂದೆ ಮೂಟೆ ಇಳಿಸುವ ಸದ್ದು.

"ಭಾವ, ನೀವು ಎರಡನೇ ಸ್ಥಾನದಲ್ಲಿದ್ದೀರಿ!"

"ಯಾವುದ್ರಲ್ಲಿ? ಸೊಸೈಟಿ ಎಲೆಕ್ಷನ್ನಲ್ಲಾ?"

"ಅಲ್ಲ, ಫುಟ್‌ಬಾಲ್."

"ಓ, ಅದಾ. ಇನ್ನೂ ನಡೀತಾ ಇದ್ಯಾ ಅದು? ಯೂರಿಯಾ ಲಾರಿ ಬಂದು ನಿಂತಿದೆ ಕಣಪ್ಪಾ, ಆಮೇಲ್ ಮಾಡು."